ಬೇಕಂತಲೇ ಮಾಡಿದ್ದಲ್ಲ

ಬೆಳಗಿನ ಆರೂವರೆ. ಪುಣೆಯ ಕೊಥ್ರೂಡಿನ ಒಂದು ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಹೈದರಾಬಾದಿನ ಮಿಯಾಪುರವಾದರೂ, ದೆಹಲಿಯ ಮಯೂರ ವಿಹಾರವಾದರೂ ಕತೆ ಬದಲಾಗುವುದಿಲ್ಲ. ಗಂಡ ಕಾಫಿಗೆ ನೀರಿಟ್ಟು ಬಚ್ಚಲಿನ ಕಡೆ ಹೊರಟವನು ಕಾಲೊರೆಸುವ ಮ್ಯಾಟಿನ ಮೇಲೆ ಹೆಜ್ಜೆಯಿಡುತ್ತಾನೆ. ಒದ್ದೆ. ಬಗ್ಗಿ ಮೂಸಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಮೂರು ವರ್ಷ ಒಂದು ದಿನವೂ ತಪ್ಪದೆ ಬಾಲ್ಕನಿಯ ಲಿಟರ್ ಬಾಕ್ಸಿಗೆ ಹೋಗುತ್ತಿದ್ದ ಬೆಕ್ಕು ಸೋಫಾದ ತೋಳಿನ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ ಅವನನ್ನೇ ನೋಡುತ್ತಿದೆ. "ನೋಡೇ ಇಲ್ಲಿ, ಬೇಕಂತಲೇ ಮಾಡಿದಾನೆ. ನಿನ್ನೆ ಊರಿಂದ ಅಮ್ಮ ಬಂದಿದ್ದಕ್ಕೆ ಇವನಿಗೆ ಸಿಟ್ಟು" ಎಂದು ಅಲ್ಲಿಂದಲೇ ಹೆಂಡತಿಗೆ ಕೂಗಿ ಹೇಳುತ್ತಾನೆ.

ಬೇಕಂತಲೇ. ಕನ್ನಡದ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. 'ಬೇಕು ಅಂತಲೇ' ಎಂಬುದು ಸವೆದು ಒಂದೇ ಪದವಾಗಿ ಕೂತಿದೆ. ಮಗು ಲೋಟ ಬೀಳಿಸಿದರೆ, ಆಟೋದವನು ಸುತ್ತಿ ಬಳಸಿ ಕರೆದೊಯ್ದರೆ, ಸೊಸೆ ಸಾರಿಗೆ ಉಪ್ಪು ಮರೆತರೆ, ಎಲ್ಲದಕ್ಕೂ ಅದೇ ಪದ. ಆದದ್ದರ ಹಿಂದೆ ಒಂದು ಮನಸ್ಸಿತ್ತು, ಆ ಮನಸ್ಸಿನಲ್ಲಿ ಒಂದು ಉದ್ದೇಶವಿತ್ತು ಎಂದು ಅದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ವಿಚಾರಣೆ ನಡೆಯುವುದೇ ಇಲ್ಲ.

ಬೆಕ್ಕಿನ ಮಟ್ಟಿಗೆ ಈ ತೀರ್ಪು ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇದು ಅಪಾಯದ ತಪ್ಪು. ಬೆಕ್ಕಿಗೆ ಹಠ, ಸೇಡು, ಸೊಕ್ಕು ಎಂದುಕೊಂಡು ಮನೆಯವರು ಕಳೆಯುವ ಎರಡು ದಿನಗಳಲ್ಲಿ ಕೆಲವು ಬೆಕ್ಕುಗಳು ಸಾಯುತ್ತವೆ. ಸಾಯದೆ ಉಳಿದವುಗಳಲ್ಲಿ ಎಷ್ಟೋ ಬೆಕ್ಕುಗಳು ಚೀಲದೊಳಗೆ ಸೇರಿ ಯಾವುದೋ ಮೀನು ಮಾರುಕಟ್ಟೆಯ ಹತ್ತಿರ ಇಳಿಯುತ್ತವೆ. ಅಮೆರಿಕದಲ್ಲಿ ಸಾಕಿದವರು ಬೆಕ್ಕನ್ನು ಆಶ್ರಯಧಾಮಕ್ಕೆ ತಂದು ಬಿಡುವುದಕ್ಕೆ ಕೊಡುವ ನಡವಳಿಕೆಯ ಕಾರಣಗಳಲ್ಲಿ ಮನೆಯೊಳಗೆ ಗಲೀಜು ಮಾಡುವುದು ಮುಂಚೂಣಿಯಲ್ಲಿದೆ ಎಂದು ಅಲ್ಲಿನ ಅಧ್ಯಯನಗಳು ಬಹಳ ಹಿಂದೆಯೇ ತೋರಿಸಿವೆ. ಇಲ್ಲಿ ಆಶ್ರಯಧಾಮವೂ ಕಡಿಮೆ, ಲೆಕ್ಕ ಇಡುವವರೂ ಕಡಿಮೆ.

ಹಾಗಾಗಿ ಒದ್ದೆ ಮ್ಯಾಟ್ ಕಂಡಾಗ ಕೇಳಬೇಕಾದದ್ದು 'ಯಾಕೆ ಹೀಗೆ ಮಾಡಿದ' ಎಂದಲ್ಲ, 'ಏನಾಗಿದೆ ಇವನಿಗೆ' ಎಂದು. ಎರಡೂ ಪ್ರಶ್ನೆಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡದವರಿಗೆ ಪಶುವೈದ್ಯಕೀಯದ ಪುಸ್ತಕ ಬೇಕಾಗಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಸಾಕು. ಕೃಷ್ಣದೇವರಾಯ ಎಲ್ಲರಿಗೂ ಒಂದೊಂದು ಬೆಕ್ಕನ್ನೂ ಅದಕ್ಕೆ ಹಾಲು ಕುಡಿಸಲು ಒಂದೊಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಬೆಕ್ಕಿನ ಮುಂದೆ ಕುದಿಯುವ ಹಾಲು ಇಡುತ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಡುತ್ತದೆ. ಹಾಲೆಲ್ಲ ರಾಮಕೃಷ್ಣನ ಪಾಲು. ಶಾಲೆಯಲ್ಲಿ ಈ ಕತೆ ಕೇಳಿ ನಗದವರಿಲ್ಲ. ನಗು ರಾಮಕೃಷ್ಣನ ಜಾಣತನಕ್ಕೆ; ಬೆಕ್ಕಿಗೆ ಏನಾಯಿತೆಂದು ಯಾರೂ ನಿಂತು ಯೋಚಿಸಿದ್ದಿಲ್ಲ. ಆದರೆ ಕತೆ ಕಟ್ಟಿದವರಿಗೆ ಬೆಕ್ಕು ಗೊತ್ತಿತ್ತು. ಬೆಕ್ಕು 'ಹಾಲು ಆರಿಸಿ ಕುಡಿಯಬೇಕು' ಎಂದು ಕಲಿಯುವುದಿಲ್ಲ. 'ಈ ಬಟ್ಟಲಿನಲ್ಲಿ ನೋವಿದೆ' ಎಂದು ಕಲಿಯುತ್ತದೆ.

ಲಿಟರ್ ಬಾಕ್ಸಿನಲ್ಲಿ ಆಗುವುದೂ ಇದೇ. ಮೂತ್ರಕೋಶದಲ್ಲಿ ಉರಿಯಿರುವ ಬೆಕ್ಕು ಡಬ್ಬಿಗೆ ಹೋಗುತ್ತದೆ, ಕೂರುತ್ತದೆ, ಉರಿಯುತ್ತದೆ. ತನ್ನ ಮೂತ್ರಕೋಶದಲ್ಲಿ ದೋಷವಿದೆ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಅದಕ್ಕೆ ತಿಳಿದಿರುವುದು ಈ ಡಬ್ಬಿಗೆ ಇಳಿದಾಗ ನೋವಾಯಿತು ಎಂಬುದಷ್ಟೇ. ಮರುದಿನ ಬೇರೆ ಜಾಗ ಹುಡುಕುತ್ತದೆ: ಮೆತ್ತಗಿನ ಮ್ಯಾಟ್, ಹಾಸಿಗೆಯ ಮೇಲಿನ ದುಪ್ಪಟಿ, ಇಲ್ಲವೇ ತಣ್ಣಗಿನ ಬಚ್ಚಲ ನೆಲ. ಮನೆಯವರಿಗೆ ಅದು ಸೇಡಿನಂತೆ ಕಾಣುತ್ತದೆ. ಅದು ಮಾಡುತ್ತಿರುವುದು ನೋಯದ ಜಾಗದ ಹುಡುಕಾಟ.

2014ರಲ್ಲಿ ಅಮೆರಿಕದ ಬೆಕ್ಕು ವೈದ್ಯರ ಸಂಘ ಮತ್ತು ಅಂತರರಾಷ್ಟ್ರೀಯ ಬೆಕ್ಕು ವೈದ್ಯಕೀಯ ಸಂಸ್ಥೆ ಸೇರಿ ಈ ಒಂದು ತೊಂದರೆಗಾಗಿಯೇ ವೈದ್ಯರಿಗೆ ಮಾರ್ಗಸೂಚಿ ಪ್ರಕಟಿಸಿದವು. ಬೆಕ್ಕು ಸಿಟ್ಟಿನಿಂದಲೋ ಸೇಡಿನಿಂದಲೋ ಹೀಗೆ ಮಾಡುವುದಿಲ್ಲ; ಅದರ ದೇಹದ, ಪರಿಸರದ, ಒಡನಾಟದ ಯಾವುದೋ ಒಂದು ಅಗತ್ಯ ಪೂರೈಕೆಯಾಗುತ್ತಿಲ್ಲ ಎಂಬುದು ಅದರ ತಳಹದಿ. ಮೊದಲ ಹೆಜ್ಜೆಯಾಗಿ ಅದು ಹೇಳುವುದು ದೇಹದ ತಪಾಸಣೆಯನ್ನು. ಡಬ್ಬಿ, ಮರಳು, ಜಾಗ, ಸ್ವಭಾವ ಎಲ್ಲ ಆಮೇಲಿನ ಮಾತು.

ಇಲ್ಲಿ ಕನ್ನಡದ ವ್ಯಾಕರಣವೂ ಒಂದು ಚಿಕ್ಕ ಮೋಸ ಮಾಡುತ್ತದೆ. ಕನ್ನಡದಲ್ಲಿ ಬೆಕ್ಕು 'ಅದು'. ಮುದ್ದಿನಿಂದ ಯಾರಾದರೂ 'ಇವನು', 'ಇವಳು' ಎಂದರೆ ಎನ್ನಬಹುದು, ಭಾಷೆಗೆ ಅದು ಬೇಕಿಲ್ಲ. ಆದರೆ ಮೂತ್ರದ ವಿಷಯದಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಗಂಡೋ ಹೆಣ್ಣೋ ಎಂದು. ಗಂಡುಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ತೀರ ಕಿರಿದು. ಮೂತ್ರಕೋಶದಲ್ಲಿ ಕಟ್ಟಿದ ಹರಳಿನ ಪುಡಿ, ಲೋಳೆ, ಸಣ್ಣ ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಬೂಚು ಹಾಕಿದಂತೆ. ಮೂತ್ರ ಹೊರಗೆ ಬರುವುದಿಲ್ಲ. ಮೂತ್ರಪಿಂಡಕ್ಕೆ ಹಿಂದಿನಿಂದ ಒತ್ತಡ ಬೀಳುತ್ತದೆ. ದೇಹ ಹೊರಹಾಕಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತಾ ಹೋಗಿ ಕೊನೆಗೆ ಹೃದಯದ ಬಡಿತ ತಪ್ಪಿಸುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕಿಗೆ ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗುತ್ತದೆ.

ಗುರುತುಗಳು ಕಷ್ಟದವಲ್ಲ. ಬೆಕ್ಕು ಡಬ್ಬಿಗೆ ಮತ್ತೆ ಮತ್ತೆ ಹೋಗುತ್ತದೆ, ಮುಕ್ಕರಿಯುತ್ತದೆ, ಒಂದೆರಡು ಹನಿ ಬಿಟ್ಟು ಬೇರೇನೂ ಬರುವುದಿಲ್ಲ. ಕೂಗುತ್ತದೆ. ಕೆಳಗೆ ಬಿಡದೆ ನೆಕ್ಕಿಕೊಳ್ಳುತ್ತದೆ. ಹನಿಯಲ್ಲಿ ರಕ್ತದ ಬಣ್ಣ ಕಾಣಬಹುದು. ಆಮೇಲೆ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮೂಲೆ ಸೇರುತ್ತದೆ. ನೆಮ್ಮದಿಯಿಲ್ಲದೆ ಅತ್ತಿಂದಿತ್ತ ಓಡಾಡುವವರನ್ನು ಕನ್ನಡದಲ್ಲಿ 'ಅಂಡು ಸುಟ್ಟ ಬೆಕ್ಕು' ಎಂದು ಗೇಲಿ ಮಾಡುವುದುಂಟು. ಬೆಕ್ಕೇ ಹಾಗೆ ಓಡಾಡುತ್ತಿದ್ದರೆ ಗೇಲಿಗೆ ಸಮಯವಿಲ್ಲ. ಅದು ಬೆಳಿಗ್ಗೆ ತನಕ ಕಾಯುವ ವಿಷಯವಲ್ಲ; ಭಾನುವಾರವಾದರೂ, ರಾತ್ರಿ ಹನ್ನೊಂದಾದರೂ ಹೊರಡಬೇಕು. ಮುಂಬೈಯವರಿಗೆ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಯಿದೆ, ಚೆನ್ನೈಯವರಿಗೆ ವೇಪೇರಿಯಲ್ಲಿ ಮದ್ರಾಸ್ ಪಶುವೈದ್ಯಕೀಯ ಕಾಲೇಜಿದೆ. ಯಾವ ಊರಿನಲ್ಲಿದ್ದರೂ ರಾತ್ರಿ ಬಾಗಿಲು ತೆರೆದಿರುವ ಪಶುವೈದ್ಯರು ಯಾರೆಂದು ಬೆಕ್ಕು ಚೆನ್ನಾಗಿರುವಾಗಲೇ ಫೋನಿನಲ್ಲಿ ಗುರುತು ಮಾಡಿಟ್ಟುಕೊಳ್ಳಬೇಕು.

ಕರ್ನಾಟಕದ ಮನೆಗಳ ಇನ್ನೊಂದು ಅಭ್ಯಾಸ, 'ಉಷ್ಣ ಆಗಿರಬೇಕು' ಎನ್ನುವುದು. ಮನುಷ್ಯರಿಗೆ ಉರಿಮೂತ್ರವಾದರೆ ಬಾರ್ಲಿ ನೀರು, ಮಜ್ಜಿಗೆ, ಎಳನೀರು. ಅದೇ ಪ್ರೀತಿಯಿಂದ ಬೆಕ್ಕಿಗೂ ಹನಿಸುವವರಿದ್ದಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಮೂತ್ರ ಕಟ್ಟಿದ ಬೆಕ್ಕಿನ ರಕ್ತದಲ್ಲಿ ಆಗಲೇ ಹೆಚ್ಚಾಗಿರುವುದೂ ಅದೇ. ನೋವಿಗೆಂದು ಮನೆಯ ಪ್ಯಾರಸಿಟಮಾಲ್ ಕೊಡುವುದು ಇನ್ನೂ ಕೆಟ್ಟದ್ದು: ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿಯಿಲ್ಲ, ಒಂದು ಮಾತ್ರೆ ಸಾಕು ಕೊಲ್ಲಲು. ಇಲ್ಲಿ ಮನೆಮದ್ದಿನ ಕೈ ಹಿಂದಕ್ಕೆ ಸರಿಯಬೇಕು.

ಎಲ್ಲ ಪ್ರಕರಣಗಳೂ ಇಷ್ಟು ಭೀಕರವಲ್ಲ. ಮೂತ್ರದ ತೊಂದರೆಯಿಂದ ಬರುವ ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ಮೂತ್ರಕೋಶ ಮಾತ್ರ ಉರಿಯುತ್ತಿರುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ವರ್ಷಗಟ್ಟಲೆ ಇಂಥ ಬೆಕ್ಕುಗಳನ್ನು ಅಭ್ಯಾಸ ಮಾಡಿ, ಈ ಕಾಯಿಲೆಗೂ ಬೆಕ್ಕು ಬದುಕುವ ಪರಿಸರಕ್ಕೂ ಇರುವ ನಂಟನ್ನು ತೋರಿಸಿದರು. ದಿನಚರಿ ಹದವಾಗಿ, ಅಡಗಲು ಹತ್ತಲು ಜಾಗ ಸಿಕ್ಕಿದ ಬೆಕ್ಕುಗಳು ಸುಧಾರಿಸಿದವು. ದಿನಚರಿ ಕೆಟ್ಟಾಗ ಮತ್ತೆ ಕಾಯಿಲೆ ಬಿದ್ದವು.

ಆ ದೃಷ್ಟಿಯಿಂದ ಕೊಥ್ರೂಡಿನ ಗಂಡ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಊರಿಂದ ಅಮ್ಮ ಬಂದದ್ದಕ್ಕೂ ಮ್ಯಾಟ್ ಒದ್ದೆಯಾದದ್ದಕ್ಕೂ ಸಂಬಂಧವಿರಬಹುದು. ಆದರೆ ಅದು ಸಿಟ್ಟಲ್ಲ, ಗಾಬರಿ. ಹೊಸ ವಾಸನೆ, ಹೊಸ ದನಿ, ಮಲಗುತ್ತಿದ್ದ ಕೋಣೆಯ ಬಾಗಿಲು ಈಗ ಮುಚ್ಚಿದೆ. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬದಲಿಸುವುದು, ಗೋಡೆಗೆ ಬಣ್ಣ, ದೀಪಾವಳಿಯ ಪಟಾಕಿ, ಹೊಸ ಮಗು, ಬಾಲ್ಕನಿಯ ಕಂಬಿಯಾಚೆ ದಿನಾ ಬಂದು ಕೂರುವ ಬೀದಿಯ ಗಂಡುಬೆಕ್ಕು. ಮನುಷ್ಯರಿಗೆ ಇವೆಲ್ಲ ಬದುಕಿನ ಸಾಮಾನ್ಯ ಸಂಗತಿಗಳು. ಇಡೀ ಜಗತ್ತೇ ಆರುನೂರು ಚದರಡಿಯಾಗಿರುವ ಪ್ರಾಣಿಗೆ ಅವು ಭೂಕಂಪ.

ಎದ್ದು ನಿಂತು, ಬಾಲ ನಡುಗಿಸಿ, ಗೋಡೆಗೋ ಪರದೆಗೋ ಸ್ವಲ್ಪವೇ ಚಿಮುಕಿಸುವುದು ಮಾತ್ರ ಬೇರೆ ವಿಷಯ. ಅದು ಮೂತ್ರ ಮಾಡುವುದಲ್ಲ, ಎಲ್ಲೆ ಬರೆಯುವುದು. ಸಂತಾನಹರಣ ಮಾಡಿಸದ ಗಂಡುಗಳಲ್ಲಿ ಅದು ಹೆಚ್ಚು, ಮಾಡಿಸಿದರೆ ಬಹುಪಾಲು ನಿಲ್ಲುತ್ತದೆ. ಇನ್ನು ವಯಸ್ಸಾದ ಬೆಕ್ಕುಗಳದ್ದು ಇನ್ನೊಂದು ಕತೆ: ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಬಂದರೆ ನೀರು ಹೆಚ್ಚು ಕುಡಿಯುತ್ತವೆ, ಡಬ್ಬಿ ಬೇಗ ತುಂಬುತ್ತದೆ. ಕೀಲುನೋವಿದ್ದರೆ ಡಬ್ಬಿಯ ಎತ್ತರದ ಅಂಚು ದಾಟುವುದೇ ಒಂದು ಬೆಟ್ಟ ಹತ್ತಿದಂತೆ.

ವೈದ್ಯರು ನೋಡಿ ದೇಹದಲ್ಲಿ ದೋಷವಿಲ್ಲ ಎಂದ ಮೇಲೆ ಡಬ್ಬಿಯ ಕಡೆ ತಿರುಗಬೇಕು. ಮನೆಯವರಿಗೆ ಕೇಳಲು ಹಿತವಲ್ಲದ ಮಾತು ಶುರುವಾಗುವುದು ಇಲ್ಲಿಂದ.

ಮೂವತ್ತು ನಲವತ್ತು ವರ್ಷದ ಹಿಂದೆ ಧಾರವಾಡದಲ್ಲೋ ಪುತ್ತೂರಿನಲ್ಲೋ ಬೆಳೆದವರ ನೆನಪಿನಲ್ಲಿ ಬೆಕ್ಕಿದೆ, ಆದರೆ ಬೆಕ್ಕಿನ ಮಲಮೂತ್ರವಿಲ್ಲ. ಅದಕ್ಕೆ ಹಿತ್ತಿಲಿತ್ತು. ತೆಂಗಿನ ಬುಡದ ಸಡಿಲ ಮಣ್ಣು, ಬಚ್ಚಲೊಲೆಯ ಬೂದಿಗುಂಡಿ, ಪಕ್ಕದವರು ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿ. ಬೆಕ್ಕು ಹೋಗುತ್ತಿತ್ತು, ಕೆರೆಯುತ್ತಿತ್ತು, ಮುಚ್ಚಿ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ. ಸಾಕುಬೆಕ್ಕಿನ ಪೂರ್ವಜ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣ ಸೀಮೆಯ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕಿದೆ. ಮರಳು ಕೆರೆಯುವ ಪಂಜ, ಕಡಿಮೆ ಬಾಯಾರಿಕೆ, ಗಾಢವಾದ ಮೂತ್ರ ಎಲ್ಲ ಆ ಒಣ ನೆಲದಿಂದ ಬಂದ ಆಸ್ತಿ.

ಪೆಟ್ಟಿಗೆ ಬಂದದ್ದು ಮೊನ್ನೆ ಮೊನ್ನೆ. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬುವರು ಬೆಕ್ಕಿಗಾಗಿ ಮರಳು ಕೇಳಿಬಂದ ನೆರೆಯ ಮಹಿಳೆಗೆ ಎಣ್ಣೆ ಹೀರಲು ಬಳಸುವ ಒಣ ಜೇಡಿಮಣ್ಣಿನ ಹರಳು ಕೊಟ್ಟರು. ಅದೇ 'ಕಿಟ್ಟಿ ಲಿಟರ್' ಎಂಬ ವ್ಯಾಪಾರವಾಯಿತು. ಮೂತ್ರ ಬಿದ್ದಲ್ಲಿ ಉಂಡೆಗಟ್ಟುವ ಬೆಂಟೊನೈಟ್ ಮಣ್ಣು ಬಂದದ್ದು 1980ರ ದಶಕದಲ್ಲಿ. ಈಗ ಅಂಗಡಿಗಳಲ್ಲಿ ಸಿಗುವ ಚೀಲಗಳಲ್ಲಿರುವುದು ಹೆಚ್ಚಾಗಿ ಅದೇ ಮಣ್ಣು. ಗುಜರಾತಿನ ಕಚ್ಛದಲ್ಲಿ ಅದರ ಗಣಿಗಳಿವೆ. ಈ ಪೆಟ್ಟಿಗೆಗೆ ಕನ್ನಡದಲ್ಲಿ ನೆಲೆನಿಂತ ಹೆಸರೂ ಇಲ್ಲ. ಲಿಟರ್ ಬಾಕ್ಸ್, ಟ್ರೇ, ಮಣ್ಣಿನ ಡಬ್ಬಿ, ಒಂದೊಂದು ಮನೆಯಲ್ಲಿ ಒಂದೊಂದು. ಹೆಸರಿಲ್ಲದ ವಸ್ತುವಿಗೆ ಮನೆಯಲ್ಲಿ ಜಾಗವೂ ನಿಶ್ಚಯವಾಗಿಲ್ಲ.

ಅಂದರೆ ಆದದ್ದೇನು? ಮನುಷ್ಯ ಬೆಕ್ಕಿನಿಂದ ಇಡೀ ಹಿತ್ತಿಲನ್ನು ಕಿತ್ತುಕೊಂಡು ಬದಲಿಗೆ ಒಂದೂವರೆ ಅಡಿಯ ಪ್ಲಾಸ್ಟಿಕ್ ತಟ್ಟೆ ಕೊಟ್ಟ. ಕಾರಣ ಒಳ್ಳೆಯದೇ: ಹತ್ತನೇ ಮಹಡಿ, ರಸ್ತೆ, ನಾಯಿಗಳು. ಆದರೂ ಕಿತ್ತುಕೊಂಡದ್ದು ನಿಜ. ಆ ತಟ್ಟೆಯೂ ಸರಿಯಿಲ್ಲದಿದ್ದಾಗ ಬೆಕ್ಕು ಬೇರೆಡೆ ಹೋದರೆ ತಪ್ಪು ಬೆಕ್ಕಿನದ್ದೇ?

ಸರಿಯಾದ ಡಬ್ಬಿಯ ಲೆಕ್ಕ ಸರಳ. ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು. ಬೆಕ್ಕು 45 ಸೆಂಟಿಮೀಟರ್ ಇದ್ದರೆ ಡಬ್ಬಿ ಸುಮಾರು 68. ಅಂಗಡಿಯ ಟ್ರೇಗಳು ಬಹಳಷ್ಟು ಇದಕ್ಕಿಂತ ಚಿಕ್ಕವು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಬದಿ ಕತ್ತರಿಸಿದರೆ ಅದಕ್ಕಿಂತ ಅಗ್ಗ, ಅದಕ್ಕಿಂತ ಒಳ್ಳೆಯದು. ಎಷ್ಟು ಬೆಕ್ಕುಗಳೋ ಅಷ್ಟಕ್ಕೆ ಒಂದು ಹೆಚ್ಚು ಡಬ್ಬಿ, ಬೇರೆ ಬೇರೆ ಜಾಗದಲ್ಲಿ. ಮಣ್ಣು ನುಣುಪಾಗಿರಲಿ, ಪರಿಮಳವಿಲ್ಲದ್ದಾಗಿರಲಿ. ಮಲ್ಲಿಗೆ, ಲ್ಯಾವೆಂಡರ್ ಬೆರೆಸಿದ್ದು ಮನುಷ್ಯನ ಮೂಗಿಗೆ. ಬೆಕ್ಕಿನ ಮೂಗಿಗೆ ಅದು ಕಾಟ. ದಿನಕ್ಕೊಮ್ಮೆಯಾದರೂ ಉಂಡೆ ಎತ್ತಬೇಕು. ಹಠಾತ್ತಾಗಿ ಮಣ್ಣಿನ ಬ್ರ್ಯಾಂಡ್ ಬದಲಿಸಿದ ವಾರದಲ್ಲೇ ತೊಂದರೆ ಶುರುವಾಗಿದ್ದರೆ ಉತ್ತರ ಅಲ್ಲೇ ಇದೆ.

ಗಲೀಜಾದ ಜಾಗ ತೊಳೆಯುವುದರಲ್ಲೂ ಎಚ್ಚರ ಬೇಕು. ಕೈಗೆ ಮೊದಲು ಸಿಗುವುದು ಫಿನಾಯಿಲ್. ಫೀನಾಲ್ ಬಗೆಯ ರಾಸಾಯನಿಕಗಳು ಬೆಕ್ಕಿಗೆ ವಿಷ. ಒದ್ದೆ ನೆಲದಲ್ಲಿ ನಡೆದು ಪಂಜ ನೆಕ್ಕಿದರೆ ಒಳಗೆ ಸೇರುತ್ತವೆ. ಅಮೋನಿಯ ಇರುವ ದ್ರಾವಣ ಬಳಸಿದರೆ ಬೆಕ್ಕಿನ ಮೂಗಿಗೆ ಅದು ಇನ್ನಷ್ಟು ಮೂತ್ರದಂತೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಕಿಣ್ವವಿರುವ ದ್ರವದಿಂದಲೇ ತೊಳೆಯಬೇಕು. ಮೂತ್ರದ ಮೇಲೆ ಬೆಕ್ಕಿನ ಮುಖ ಒತ್ತುವುದು, ಹೊಡೆಯುವುದು, ನೀರೆರಚುವುದು ಯಾವುದೂ ಕೆಲಸ ಮಾಡುವುದಿಲ್ಲ. ಬೆಕ್ಕು ಅದರಿಂದ ಕಲಿಯುವ ಪಾಠ ಒಂದೇ: ಈ ಮನುಷ್ಯನ ಎದುರಿಗೆ ಮಾಡಬಾರದು. ಮುಂದಿನ ಸಲ ಮಂಚದ ಕೆಳಗೆ.

ಇಷ್ಟೆಲ್ಲ ಗೊತ್ತಾದ ಮೇಲೂ ಡಬ್ಬಿ ಸರಿಹೋಗದ ಮನೆಗಳಿವೆ. ಅಲ್ಲಿ ಅಡ್ಡಿಯಾಗಿರುವುದು ಹಣವೂ ಅಲ್ಲ, ಜಾಗವೂ ಅಲ್ಲ. ಹೇಸಿಗೆಯ ಬಗೆಗಿನ ಹಳೆಯ ಲೆಕ್ಕ. ಡಬ್ಬಿ ಕಣ್ಣಿಗೆ ಬೀಳಬಾರದು, ದೇವರ ಕೋಣೆಯ ದಿಕ್ಕಿಗಿರಬಾರದು, ಅಡುಗೆಮನೆಗೆ ತಾಗಬಾರದು, ನೆಂಟರಿಗೆ ಕಾಣಬಾರದು. ಕೊನೆಗೆ ಅದು ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದ ಇಕ್ಕಟ್ಟಿಗೆ ಹೋಗುತ್ತದೆ. ಮೆಷಿನ್ ಗಡಗಡ ಎಂದಾಗ ಬೆಕ್ಕು ಹಾರಿ ಓಡುತ್ತದೆ. ಬಾಲ್ಕನಿಯ ಬಾಗಿಲು ರಾತ್ರಿ ಚಿಲಕ ಹಾಕಿದ್ದರೆ ದಾರಿಯೇ ಇಲ್ಲ. ಮಾಡಲು ಹೇಳಿದ ಜಾಗಕ್ಕೆ ಹೋಗಲು ಬಿಡದೆ, ಮಾಡಬಾರದ ಜಾಗದಲ್ಲಿ ಮಾಡಿತು ಎಂದು ದೂರುವುದು ಯಾವ ನ್ಯಾಯ?

ಇನ್ನು ಉಂಡೆ ಎತ್ತುವವರು ಯಾರು? ಬಹಳ ಮನೆಗಳಲ್ಲಿ ಅದು ಕೆಲಸದಾಕೆಯ ಪಾಲು. ಆಕೆಗೆ ಆ ಕೆಲಸ ಬೇಡ, ಹೇಳಲು ಬಾಯಿಲ್ಲ. ಭಾನುವಾರ ಆಕೆ ಬರುವುದಿಲ್ಲ, ಅಂದು ಡಬ್ಬಿಗೂ ರಜೆ. ಸೋಮವಾರ ಹಾಸಿಗೆ ಒದ್ದೆ. ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಕೈ, ಅದರ ಚಿತ್ರ ಹಂಚಿಕೊಳ್ಳುವ ಕೈ ಡಬ್ಬಿಯ ಚಮಚ ಹಿಡಿಯುವುದಿಲ್ಲ ಎಂದರೆ ಆ ಪ್ರೀತಿಯ ಗಡಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಇತರರ ಮಲ ಎತ್ತುವುದು ಇನ್ಯಾರದೋ ಹಣೆಬರಹ ಎಂದು ನಂಬಿಕೊಂಡು ಬಂದ ಸಮಾಜ ಹತ್ತನೇ ಮಹಡಿಗೂ ಆ ನಂಬಿಕೆಯನ್ನು ಲಿಫ್ಟಿನಲ್ಲಿ ಹೊತ್ತು ತಂದಿದೆ. ಬೆಕ್ಕು ಸಾಕಿದವರೇ ಆ ಎರಡು ನಿಮಿಷದ ಕೆಲಸ ಮಾಡಬೇಕು. ಇದಕ್ಕೆ ಲಾಭವೂ ಉಂಟು: ಎಷ್ಟು ಉಂಡೆ, ಎಷ್ಟು ದಪ್ಪ, ಬಣ್ಣ ಏನು ಎಂದು ದಿನಾ ನೋಡುವ ಕಣ್ಣಿಗೆ ಕಾಯಿಲೆ ಎಲ್ಲರಿಗಿಂತ ಮೊದಲು ಕಾಣುತ್ತದೆ. ಗರ್ಭಿಣಿಯರು ಮಾತ್ರ ಈ ಕೆಲಸ ಬೇರೆಯವರಿಗೆ ಬಿಡಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರುವ ಸಂಭವವಿದೆ. ಅದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕಾದ್ದರಿಂದ ದಿನಾ ಎತ್ತುವುದೇ ಮನೆಯವರಿಗೂ ರಕ್ಷೆ.

ಬಾಡಿಗೆ ಮನೆಯವರ ಕಷ್ಟ ಸುಳ್ಳಲ್ಲ. ಮಾಲೀಕರು ಠೇವಣಿ ಹಿಡಿಯುತ್ತಾರೆ, ಸೊಸೈಟಿಯವರು ವಾಸನೆ ಎನ್ನುತ್ತಾರೆ, ವೈದ್ಯರ ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ನಿಜಕ್ಕೂ ಸಾಕಲಾಗದ ಸ್ಥಿತಿ ಬರಬಹುದು. ಆಗ ಕಾಯಿಲೆ ಗುಣಪಡಿಸಿ, ಇದ್ದದ್ದನ್ನು ಇದ್ದಂತೆ ಹೇಳಿ, ಬೇರೆ ಮನೆ ಹುಡುಕಿಕೊಡುವುದು ಮರ್ಯಾದೆಯ ದಾರಿ. 'ಅದು ಹೇಗೋ ಬದುಕಿಕೊಳ್ಳುತ್ತೆ' ಎಂದು ರಸ್ತೆಯಲ್ಲಿ ಬಿಡುವುದು ಆ ದಾರಿಯಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ತಪ್ಪಿಗೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಒಂದು ಚೀಲ ಬೆಕ್ಕಿನ ಮಣ್ಣಿಗೂ ಸಾಲದ ಮೊತ್ತ. ಕಾನೂನು ಕಾಯುತ್ತದೆ ಎಂದು ಬೆಕ್ಕು ನಂಬಿಕೊಂಡಿರುವಂತಿಲ್ಲ. ಅದಕ್ಕಿರುವುದು ಮನೆಯವರು ಮಾತ್ರ.

ಮತ್ತೆ ಆ ಬೆಳಗಿನ ಆರೂವರೆಗೆ ಬನ್ನಿ. ಮ್ಯಾಟ್ ಒದ್ದೆಯಾಗಿದೆ. ಬೆಕ್ಕು ಸೋಫಾದ ಮೇಲಿಂದ ನೋಡುತ್ತಿದೆ. ಹೆಂಡತಿ ಒಳಗಿಂದ ಬಂದು ಮ್ಯಾಟಿನ ಕಡೆ ನೋಡುವ ಮೊದಲು ಬೆಕ್ಕಿನ ಕಡೆ ನೋಡುತ್ತಾಳೆ. "ನಿನ್ನೆ ರಾತ್ರಿಯಿಂದ ಡಬ್ಬಿಗೆ ಎಷ್ಟು ಸಲ ಹೋದ ಇವನು? ನೀವೇನಾದ್ರೂ ನೋಡಿದ್ರಾ?" ಎಂದು ಕೇಳುತ್ತಾಳೆ. ಗಂಡ ಬಾಲ್ಕನಿಗೆ ಹೋಗಿ ಡಬ್ಬಿ ನೋಡುತ್ತಾನೆ. ಮಣ್ಣೆಲ್ಲ ಕೆರೆದು ಹರಡಿದೆ, ಉಂಡೆ ಒಂದೂ ಇಲ್ಲ. ಅವನು ಗ್ಯಾಸ್ ಆರಿಸಿ, ಬೆಕ್ಕಿನ ಬುಟ್ಟಿ ಹುಡುಕಲು ಅಟ್ಟಕ್ಕೆ ಕೈ ಹಾಕುತ್ತಾನೆ. ಕಾಫಿ ವಾಪಸು ಬಂದ ಮೇಲೂ ಆಗುತ್ತದೆ.